ಕಾರ್ಖಾನೆಯೊಳಗಿನ ಬೀದಿ

ನಾಟಕ, ಓದು, ಸಭೆ, ಆಟ, ಕೈಕೆಲಸ ಎಲ್ಲವೂ ಒಂದೇ ಸೂರಿನಡಿ ನಡೆಯುವಂಥ ಕಟ್ಟಡ ಬೇಕೆಂದು ನಗರಗಳು ಹೊರಟಾಗ ಹೆಚ್ಚಾಗಿ ಎರಡರಲ್ಲೊಂದು ಆಗುತ್ತದೆ. ಒಂದು ದೊಡ್ಡ ಹಾಲ್ ಕಟ್ಟಿ ಅದಕ್ಕೆ ವಿವಿಧೋದ್ದೇಶ ಸಭಾಂಗಣ ಎಂದು ಬೋರ್ಡು ಹಾಕುತ್ತಾರೆ. ಬೆಳಿಗ್ಗೆ ವಿಚಾರ ಸಂಕಿರಣ, ಸಂಜೆ ಗಾಯನ, ಮರುದಿನ ಆರತಕ್ಷತೆ. ಗಾಯಕರ ದನಿ ಗೋಡೆಗೆ ಬಡಿದು ಒಡೆಯುತ್ತದೆ. ಸಂಕಿರಣದ ಮಾತು ಹಿಂದಿನ ಸಾಲಿಗೆ ತಲುಪುವುದಿಲ್ಲ. ಇಲ್ಲವೇ ಕೆಲಸಗಳನ್ನು ಮಹಡಿಗೊಂದರಂತೆ ಪೇರಿಸಿ ನಡುವೆ ಲಿಫ್ಟ್ ಇಟ್ಟುಬಿಡುತ್ತಾರೆ. ಓದಲು ಬಂದವರು ಓದುವ ಮಹಡಿಗೆ ಹೋಗಿ ಅಲ್ಲಿಂದಲೇ ಮನೆಗೆ ಮರಳುತ್ತಾರೆ. ಕುಂಬಾರಿಕೆ ಕಲಿಸುವ ಕೋಣೆಯೂ ಅದೇ ಕಟ್ಟಡದಲ್ಲಿದೆ ಎಂಬುದು ಅವರಿಗೆ ಗೊತ್ತೇ ಆಗುವುದಿಲ್ಲ. ಬ್ರೆಜಿಲ್‌ನ ಸಾವೊ ಪಾಲೊದಲ್ಲಿರುವ ಸೆಸ್ಕ್ ಪೊಂಪೇಯಾ ಈ ಎರಡೂ ದಾರಿ ಹಿಡಿಯದ ಕಟ್ಟಡ. ಅದರ ಬಾಗಿಲು ತೆರೆದು ನಾಲ್ಕು ದಶಕ ಕಳೆದಿದೆ. ಈ ಬಗೆಯಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಕಾಣೆ. ಅದರ ಲೋಪಗಳನ್ನು ಲೆಕ್ಕಕ್ಕೆ ಹಿಡಿದೇ ಈ ಮಾತು ಹೇಳುತ್ತಿದ್ದೇನೆ.

ಇದನ್ನು ರೂಪಿಸಿದವರು ಲೀನಾ ಬೊ ಬಾರ್ದಿ. 1914ರಲ್ಲಿ ರೋಮ್‌ನಲ್ಲಿ ಹುಟ್ಟಿದ ಅವರು 1946ರಲ್ಲಿ ಪತಿಯೊಂದಿಗೆ ಬ್ರೆಜಿಲ್‌ಗೆ ಬಂದು ಅಲ್ಲಿಯವರೇ ಆದರು. ಸಾವೊ ಪಾಲೊದ ಪೌಲಿಸ್ತಾ ಅವೆನ್ಯೂದಲ್ಲಿ ಇಡೀ ಕಲಾ ಸಂಗ್ರಹಾಲಯವನ್ನೇ ನೆಲದಿಂದ ಮೇಲೆತ್ತಿ, ಅದರಡಿಯಲ್ಲಿ ನಡುವೆ ಒಂದೂ ಕಂಬವಿಲ್ಲದ ದೊಡ್ಡ ಬಯಲನ್ನು ಊರಿಗೆ ಬಿಟ್ಟುಕೊಟ್ಟವರು ಅವರೇ. ಅದಕ್ಕೂ ಮುಂಚೆ ಈಶಾನ್ಯದ ಸಾಲ್ವದೋರ್‌ನಲ್ಲಿ ಜನಪದ ಕಲೆಯ ಸಂಗ್ರಹಾಲಯವೊಂದನ್ನು ಕಟ್ಟಿ ನಡೆಸುತ್ತಿದ್ದರು. 1964ರಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಅದು ಅವರ ಕೈತಪ್ಪಿತು. ಪೊಂಪೇಯಾದ ಕೆಲಸ ಬಂದಾಗ ಅವರಿಗೆ ಅರವತ್ತು ದಾಟಿತ್ತು, ದೇಶದಲ್ಲಿ ಇನ್ನೂ ಸೇನಾಡಳಿತವೇ ಇತ್ತು. ಜನ ಗುಂಪುಗೂಡುವುದನ್ನೇ ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ, ಜನ ಸುಮ್ಮನೆ ಬಂದು ಕೂರಲೆಂದೇ ಒಂದು ಜಾಗ ಕಟ್ಟಲು ಅವರು ಹೊರಟಿದ್ದರು ಎಂಬುದನ್ನು ಮರೆತು ಈ ಕಟ್ಟಡವನ್ನು ನೋಡಬಾರದು.

ಪೊಂಪೇಯಾ ಆಗ ಕಾರ್ಮಿಕರ ಬಡಾವಣೆಯಾಗಿತ್ತು. ಅಲ್ಲಿ ಸುಮಾರು ನಾಲ್ಕು ಎಕರೆ ಜಾಗದಲ್ಲಿ ಒಂದು ಹಳೆಯ ಕಾರ್ಖಾನೆ ಇತ್ತು. ಮೊದಲು ಡ್ರಮ್ಮುಗಳನ್ನು, ಆಮೇಲೆ ಸೀಮೆಎಣ್ಣೆಯಿಂದ ನಡೆಯುವ ರೆಫ್ರಿಜರೇಟರುಗಳನ್ನು ಅಲ್ಲಿ ತಯಾರಿಸುತ್ತಿದ್ದರು. ವ್ಯಾಪಾರ ವಲಯದ ನೌಕರರ ಕಲ್ಯಾಣ ಸಂಸ್ಥೆಯಾದ ಸೆಸ್ಕ್ ಅದನ್ನು ಕೊಂಡಿದ್ದು ಕೆಡವಿ ಹೊಸದು ಕಟ್ಟಲೆಂದೇ. ಇಪ್ಪತ್ತನೇ ಶತಮಾನದ ಆರಂಭದ ಕಬ್ಬಿಣ ಕಾಂಕ್ರೀಟಿನ ಪದ್ಧತಿಯಲ್ಲಿ ಎಬ್ಬಿಸಿದ ತೆಳ್ಳನೆಯ ಕಂಬ-ತೊಲೆಗಳು ಮೊದಲ ಭೇಟಿಯಲ್ಲೇ ಲೀನಾ ಅವರ ಕಣ್ಣಿಗೆ ಬಿದ್ದವು. ಎರಡನೇ ಸಲ ಹೋದದ್ದು ಒಂದು ಶನಿವಾರ. ಆಗ ಅಲ್ಲಿ ಮಕ್ಕಳು ಓಡಾಡುತ್ತಿದ್ದರು, ತಾಯಂದಿರು ಮಾಂಸ ಸುಡುತ್ತಿದ್ದರು, ಒಂದು ಮೂಲೆಯಲ್ಲಿ ಗೊಂಬೆಯಾಟ ನಡೆದಿತ್ತು. ಇದೆಲ್ಲ ಹೀಗೇ ಮುಂದುವರಿಯಬೇಕು ಎಂದು ಅಂದೇ ತೀರ್ಮಾನಿಸಿದೆ ಎಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಗಿಲಾವು ಕೆರೆದು ಇಟ್ಟಿಗೆಯನ್ನೂ ಕಾಂಕ್ರೀಟನ್ನೂ ಬಯಲಿಗೆ ತಂದರು, ಬೆಳಕಿಗಾಗಿ ಹೆಂಚಿನ ನಡುವೆ ಅಲ್ಲಲ್ಲಿ ಗಾಜಿನ ಹೆಂಚು ಕೂರಿಸಿದರು. ಉಳಿದದ್ದನ್ನು ಹೆಚ್ಚು ಮುಟ್ಟಲಿಲ್ಲ. 1977ರಿಂದ ಕಚೇರಿಯನ್ನು ಕಟ್ಟಡದೊಳಗೇ ಹೂಡಿ, ಆಂದ್ರೆ ವೈನರ್, ಮಾರ್ಸೆಲೊ ಫೆರಾಜ್ ಎಂಬ ಇಬ್ಬರು ಯುವ ವಾಸ್ತುಶಿಲ್ಪಿಗಳೊಂದಿಗೆ, ಕಟ್ಟುವವರ ನಡುವೆಯೇ ಇದ್ದು ಕೆಲಸ ಮಾಡಿಸಿದರು. ಬೆಂಗಳೂರಿನಲ್ಲಿ ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟುಗಳೂ ಮಾಲೂ ಎದ್ದದ್ದನ್ನು ಕಂಡವರಿಗೆ ಈ ತೀರ್ಮಾನದ ತೂಕ ಗೊತ್ತಾಗುತ್ತದೆ.

ಕಾರ್ಖಾನೆಯ ಭಾಗ 1982ರಲ್ಲಿ ತೆರೆಯಿತು. ಗೇಟಿನಿಂದ ಒಳಗೆ ಕಲ್ಲು ಹಾಸಿದ ಒಂದು ಬೀದಿ, ಎರಡೂ ಬದಿಗೆ ಶೆಡ್ಡುಗಳು. ಒಂದರಲ್ಲಿ ಊಟದ ಮನೆ, ಒಂದರಲ್ಲಿ ರಂಗಮಂದಿರ, ಒಂದರಲ್ಲಿ ಕರಕುಶಲದ ಕಾರ್ಯಾಗಾರ, ಇನ್ನೊಂದರಲ್ಲಿ ಓದುವ ಮತ್ತು ಕೂರುವ ವಿಶಾಲ ಅಂಗಳ. ಇಲ್ಲಿ ಯಾವ ಜಾಗವೂ ಎಲ್ಲದಕ್ಕೂ ಆಗುವಂಥದ್ದಲ್ಲ. ರಂಗಮಂದಿರ ಪ್ರದರ್ಶನಕ್ಕೆ ಮಾತ್ರ, ಆವಿಗೆ ಮಣ್ಣಿಗೆ ಮಾತ್ರ. ಒಂದೊಂದಕ್ಕೂ ಅದರದೇ ಅಳತೆ, ಅದರದೇ ಒರಟುತನ ಇದೆ. ಇವೆಲ್ಲವನ್ನೂ ಬೆಸೆಯುವುದು ಬೀದಿ. ಈಜಲು ಹೊರಟವರು ಊಟದ ಮನೆಯನ್ನು ದಾಟಬೇಕು, ನಾಟಕಕ್ಕೆ ಬಂದವರ ಕಿವಿಗೆ ಮರಗೆಲಸದ ಸದ್ದು ಬೀಳಬೇಕು. ಬಹೂಪಯೋಗವನ್ನು ಕೋಣೆಯೊಳಗೆ ತುರುಕದೆ ಕೋಣೆಗಳ ನಡುವೆ ಇಟ್ಟದ್ದು ಈ ವಿನ್ಯಾಸದ ಜೀವಾಳ ಎಂದು ನನ್ನ ಓದು.

ಆ ಅಂಗಳವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಲ್ಲಿ ಒಂದು ಬೆಂಕಿಗೂಡು ಇದೆ, ನೆಲದಲ್ಲಿ ಸಣ್ಣ ಹೊಳೆಯಂತೆ ಬಳುಕುವ ನೀರಿನ ಕಾಲುವೆ ಇದೆ. ಕಾಲುವೆಗೆ ಸಾವೊ ಫ್ರಾನ್ಸಿಸ್ಕೊ ನದಿಯ ಹೆಸರು. ಆ ನದಿ ಹರಿಯುವ ಈಶಾನ್ಯ ಪ್ರಾಂತದಿಂದ ಬರಗಾಲಕ್ಕೆ, ಬಡತನಕ್ಕೆ ಊರು ಬಿಟ್ಟು ಸಾವೊ ಪಾಲೊಗೆ ದುಡಿಯಲು ಬಂದವರ ಸಂಖ್ಯೆ ದೊಡ್ಡದು. ಪಕ್ಕದಲ್ಲೇ ಕಾಂಕ್ರೀಟಿನ ಜಗುಲಿಗಳನ್ನು ಎತ್ತರಕ್ಕೆ ನಿಲ್ಲಿಸಿ ಅವುಗಳ ಮೇಲೆ ಗ್ರಂಥಾಲಯ ಮಾಡಿದ್ದಾರೆ, ಗೋಡೆ ಎಂಬುದೇ ಇಲ್ಲ. ಅಲ್ಲಿ ಕೂರಲು ಟಿಕೆಟ್ ಬೇಡ, ಚಹಾ ಕೊಳ್ಳಬೇಕೆಂದಿಲ್ಲ, ಏಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. ಮಧ್ಯಾಹ್ನ ಪತ್ರಿಕೆ ಹಿಡಿದು ಕೂರುವವರು, ಚದುರಂಗ ಆಡುವವರು, ಹಾಗೇ ನಿದ್ದೆ ಹೋದವರು ಎಲ್ಲರೂ ಅಲ್ಲಿರುತ್ತಾರೆ. ಯೋಜನಾ ವರದಿಗಳಲ್ಲಿ ಇಂಥ ಜಾಗಕ್ಕೆ ಒಂದು ಕಲಮೂ ಸಿಗುವುದಿಲ್ಲ. ಚದರಡಿಗೆ ಎಷ್ಟು ಆದಾಯ ಎಂದು ಕೇಳಿದ ಕೂಡಲೇ ಮೊದಲು ಹೋಗುವುದು ಇದೇ. ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲು, ಹಿಂದಿನ ಸಂಸ ಬಯಲು ರಂಗಮಂದಿರದ ಆಸುಪಾಸು, ಚಹಾ ಹಿಡಿದು ಗಂಟೆಗಟ್ಟಲೆ ನಡೆಯುವ ವಾಗ್ವಾದ, ಇವನ್ನು ಬಲ್ಲ ಕನ್ನಡಿಗರಿಗೆ ನಾನು ಹೇಳುತ್ತಿರುವುದು ಹೊಸದಲ್ಲ. ಅಲ್ಲಿ ಆ ಬಳಕೆ ಜನ ತಾವಾಗಿ ರೂಢಿಸಿಕೊಂಡದ್ದು. ಲೀನಾ ಅದನ್ನು ನಕ್ಷೆಯ ನಡುಮಧ್ಯೆ ತಂದು ಕೂರಿಸಿದರು, ಕಟ್ಟಡದ ಅತ್ಯುತ್ತಮ ಜಾಗವನ್ನೇ ಅದಕ್ಕೆ ಕೊಟ್ಟರು.

ಹಂಚಿಕೊಂಡು ಕೆಲಸ ಮಾಡುವ ಜಾಗ ಎಂದರೆ ಈಗ ನಮ್ಮ ಕಣ್ಣ ಮುಂದೆ ಬರುವುದು ಲ್ಯಾಪ್‌ಟಾಪು, ವೈಫೈ, ತಿಂಗಳ ಬಾಡಿಗೆಯ ಮೇಜು. ಪೊಂಪೇಯಾದ ಕಾರ್ಯಾಗಾರದ ರೀತಿ ಬೇರೆ. ಸಿಮೆಂಟ್ ಬ್ಲಾಕುಗಳ ಗೋಡೆಗಳನ್ನು ಸೂರಿನವರೆಗೆ ಏರಿಸದೆ ಮಧ್ಯದಲ್ಲೇ ನಿಲ್ಲಿಸಿ ಕುಂಬಾರಿಕೆ, ನೇಯ್ಗೆ, ಮರಗೆಲಸ, ಅಚ್ಚಿನ ಕೆಲಸಗಳಿಗೆ ಗೂಡುಗಳನ್ನು ಮಾಡಿದ್ದಾರೆ. ಒಬ್ಬರೇ ಮನೆಯಲ್ಲಿ ಇಟ್ಟುಕೊಳ್ಳಲಾಗದ ಉಪಕರಣಗಳು ಇಲ್ಲಿ ಎಲ್ಲರವು. ಒಂದು ಗೂಡಿನಲ್ಲಿ ನಿಂತವರಿಗೆ ಪಕ್ಕದ ಗೂಡಿನ ವಾಸನೆ, ಸದ್ದು ಎರಡೂ ಸಿಗುತ್ತವೆ. ಹೊಸದೊಂದನ್ನು ಕಲಿಯುವ ಆಸೆ ಹುಟ್ಟುವುದೇ ಹೀಗೆ, ಇನ್ನೊಬ್ಬರ ಕೈ ಓಡುವುದನ್ನು ನೋಡಿ.

ಹೆಲ್ಸಿಂಕಿಯ ಓದಿ ಗ್ರಂಥಾಲಯವನ್ನು ಇದರ ಪಕ್ಕ ಇಟ್ಟು ನೋಡುವುದು ಉಪಯುಕ್ತ. ಎಎಲ್ಎ ಆರ್ಕಿಟೆಕ್ಟ್ಸ್ ವಿನ್ಯಾಸ ಮಾಡಿದ ಈ ಕಟ್ಟಡ 2018ರ ಡಿಸೆಂಬರ್ 5ರಂದು ಸಂಸತ್ತಿನ ಎದುರಿನ ಚೌಕದಲ್ಲಿ ತೆರೆಯಿತು. ಕೆಳಗೆ ಸಿನಿಮಾ, ಕಾಫಿ, ಸಭೆ. ನಡುವಿನ ಮಹಡಿಯಲ್ಲಿ ಹೊಲಿಗೆ ಯಂತ್ರ, 3ಡಿ ಪ್ರಿಂಟರ್, ಸಂಗೀತದ ಸ್ಟುಡಿಯೊ. ಮೇಲೆ ಸುಮಾರು ಒಂದು ಲಕ್ಷ ಪುಸ್ತಕ. ಬಡವರು ಬಲ್ಲಿದರು ಎನ್ನದೆ ಯಾರು ಬೇಕಾದರೂ ಹೋಗಿ ಪರದೆ ಹೊಲಿದುಕೊಂಡು ಬರಬಹುದು. ಗ್ರಂಥಾಲಯವೆಂದರೆ ಪುಸ್ತಕ ಮಾತ್ರವಲ್ಲ ಎಂದು ಒಂದು ಸರ್ಕಾರ ಇಷ್ಟು ಗಟ್ಟಿಯಾಗಿ ಹೇಳಿದ್ದು ದೊಡ್ಡ ಮಾತು. ಆದರೆ ವಿನ್ಯಾಸದಲ್ಲಿ ಓದಿ ಸದ್ದಿಗೊಂದು, ಕೆಲಸಕ್ಕೊಂದು, ಮೌನಕ್ಕೊಂದು ಎಂದು ಮಹಡಿಗಳನ್ನು ಹಂಚಿಕೊಡುತ್ತದೆ. ಕಾಫಿಗೆ ಬಂದವರಿಗೆ ಹೊಲಿಗೆ ಯಂತ್ರ ಕಾಣಬೇಕಾದರೆ ಅವರು ಮೆಟ್ಟಿಲೇರಲೇಬೇಕು. ದುಡಿಯುವ ಕೈಗಳು ಉಕ್ಕಿನ ಕಮಾನುಗಳ ಸಂದಿಯಲ್ಲಿ ಮರೆಯಾಗಿ ಕೂತಿವೆ. ಪೊಂಪೇಯಾದಲ್ಲಿ ಅವು ನೆಲದ ಮೇಲಿವೆ, ಬೀದಿಯ ಪಕ್ಕದಲ್ಲಿವೆ. ಇಂಥ ಕಟ್ಟಡಕ್ಕೆ ಕಾರ್ಯಾಗಾರದ ಜಾಗ ಅದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಎರಡಕ್ಕೂ ಆಕಾರ ಕೊಟ್ಟದ್ದು ನೆಲದೊಳಗಿನ ಅಡ್ಡಿ ಎಂಬುದು ಗಮನಿಸಬೇಕಾದ ಸಂಗತಿ. ಹೆಲ್ಸಿಂಕಿಯಲ್ಲಿ ಮುಂದೆಂದಾದರೂ ರಸ್ತೆ ಸುರಂಗ ಬರಬಹುದೆಂದು ಕೆಳಗೆ ಜಾಗ ಬಿಡಬೇಕಿತ್ತು. ಅದಕ್ಕೇ ಇಡೀ ಕಟ್ಟಡ ನೂರು ಮೀಟರಿಗೂ ಮಿಗಿಲಾದ ಎರಡು ಉಕ್ಕಿನ ಕಮಾನುಗಳ ಮೇಲೆ ಸೇತುವೆಯಂತೆ ನಿಂತಿದೆ. ಪೊಂಪೇಯಾದಲ್ಲಿ ಆಟದ ಅಂಕಣಗಳಿಗೆಂದು ಉಳಿದ ಜಾಗದ ನಡುವೆ ಮುಚ್ಚಿದ ಹಳ್ಳವೊಂದು ಹರಿಯುತ್ತಿತ್ತು. ಅದರ ಮೇಲೆ ಕಟ್ಟುವಂತಿರಲಿಲ್ಲ. ಲೀನಾ ಹಳ್ಳದ ಆಚೆಗೊಂದು, ಈಚೆಗೊಂದು ಕಾಂಕ್ರೀಟ್ ಗೋಪುರ ಎಬ್ಬಿಸಿದರು. ಒಂದರಲ್ಲಿ ಈಜುಕೊಳ, ಅದರ ಮೇಲೆ ಒಂದರ ಮೇಲೊಂದು ಆಟದ ಅಂಕಣಗಳು; ಇನ್ನೊಂದರಲ್ಲಿ ಬಟ್ಟೆ ಬದಲಿಸುವ ಕೋಣೆ, ಲಿಫ್ಟು, ಮೆಟ್ಟಿಲು. ಎರಡರ ನಡುವೆ ಆಕಾಶದಲ್ಲಿ ಎಂಟು ಕಾಂಕ್ರೀಟ್ ಸೇತುವೆಗಳು. ಹಳ್ಳದ ಮೇಲಿನ ನೆಲಕ್ಕೆ ಮರದ ಹಲಗೆ ಹಾಸಿ ಬಿಟ್ಟರು. ಬಿಸಿಲಿರುವ ದಿನ, ಸಮುದ್ರವಿಲ್ಲದ ಆ ಊರಿನ ಜನ ಅಲ್ಲಿ ಕಡಲ ತೀರದಲ್ಲಿದ್ದಂತೆ ಮೈಚಾಚುತ್ತಾರೆ. ರಾಜಕಾಲುವೆಯ ಮೇಲೆಯೇ ತಳಪಾಯ ಹಾಕಿ ಮಳೆಗಾಲದಲ್ಲಿ ನೀರನ್ನು ಶಪಿಸುವ ನಮ್ಮ ಊರುಗಳ ಕಟ್ಟಡಶಾಸ್ತ್ರಕ್ಕೆ ಇಲ್ಲಿ ಕಲಿಯಲು ಬಹಳ ಇದೆ.

ಗೋಪುರದ ಅಂಕಣಗಳಿಗೆ ಕಿಟಕಿಯಿಲ್ಲ. ಗೋಡೆಯಲ್ಲಿ ಗುಹೆಯ ಬಾಯಿಯಂಥ ಅಂಕುಡೊಂಕು ತೂತುಗಳು, ಅವುಗಳ ಒಳಗೆ ಕೆಂಪು ಬಣ್ಣದ ಮರದ ಜಾಲರಿ. ಎಸಿ ಎಂದರೆ ಲೀನಾ ಅವರಿಗೆ ಆಗದು, ಗಾಳಿ ಅಡ್ಡಡ್ಡ ಬೀಸಿಹೋಗಬೇಕು. ಈ ಗೋಪುರಗಳು ಸಿದ್ಧವಾದದ್ದು 1986ರಲ್ಲಿ, ಪ್ರಜಾಪ್ರಭುತ್ವ ಮರಳಿದ ಮರುವರ್ಷ. ಪಕ್ಕದ ನೀರಿನ ಗೋಪುರ 70 ಮೀಟರ್ ಎತ್ತರ. ಒಂದರ ಮೇಲೊಂದು ಕಾಂಕ್ರೀಟ್ ಬಳೆ ಇಟ್ಟಂತಿದೆ. ಸೆಂಟ್ರಿಂಗ್‌ನ ಸಂದಿಯಿಂದ ಸೋರಿದ ಗಾರೆಯನ್ನು ಉಜ್ಜಿ ತೆಗೆಯದೆ ಅದನ್ನೇ ಅಂಚಿನ ಕಸೂತಿಯಾಗಿ ಉಳಿಸಿದ್ದಾರೆ.

ಇನ್ನು ಆಕ್ಷೇಪಗಳು. ರಂಗಮಂದಿರದಲ್ಲಿ ಪ್ರೇಕ್ಷಕರು ವೇದಿಕೆಯ ಎರಡೂ ಬದಿಗೆ ಎದುರುಬದುರಾಗಿ ಕೂರುತ್ತಾರೆ. ಕುರ್ಚಿಗಳು ಮರದವು, ಮೆತ್ತೆ ಇಲ್ಲ. ಗ್ರೀಕರ, ರೋಮನರ ರಂಗಸ್ಥಳಗಳಲ್ಲಿ ಕಲ್ಲಿನ ಮೇಲೆ ಕೂರುತ್ತಿದ್ದರು, ನಾಟಕ ನೋಡುವವರು ಮೈಮರೆತು ಒರಗಬಾರದು ಎಂಬುದು ಲೀನಾ ಅವರ ವಾದ. ಈ ವಾದವನ್ನು ನಾನು ಒಪ್ಪಲಾರೆ. ಬೆಳಗಿನಿಂದ ಅಂಗಡಿಯಲ್ಲಿ ನಿಂತು ದುಡಿದು ಬಂದವರಿಗೆಂದು ಕಟ್ಟಿದ ಜಾಗ ಇದು. ಅವರ ಬೆನ್ನಿನ ನೋವಿಗೆ ಪುರಾತನ ಗ್ರೀಸ್ ಉತ್ತರವಲ್ಲ. ನಟರಿಗೂ ಈ ಏರ್ಪಾಟು ಕಠಿಣವೇ: ಒಂದು ಬದಿಗೆ ಮುಖ ಮಾಡಿದರೆ ಇನ್ನೊಂದು ಬದಿಯವರು ಬೆನ್ನು ನೋಡಬೇಕು. ಇದಕ್ಕೆಂದೇ ಹೆಣೆದ ಪ್ರಯೋಗಗಳು ಅಲ್ಲಿ ಉಜ್ವಲವಾಗಬಹುದು. ಊರೂರು ಸುತ್ತಿ ಬರುವ ತಂಡಗಳು ಒದ್ದಾಡುತ್ತವೆ. ಗೋಡೆಯಿಲ್ಲದ ಗ್ರಂಥಾಲಯದ ಬಗೆಗೂ ಇದೇ ತಕರಾರು. ಪತ್ರಿಕೆ ತಿರುವಿಹಾಕಲು ಅದು ಸೊಗಸು, ಪರೀಕ್ಷೆಗೆ ಓದುವ ಬಡವರ ಮನೆಯ ಮಕ್ಕಳಿಗೆ ಅದು ಸಾಲದು. ಮನೆಯಲ್ಲಿ ಸಿಗದ ಮೌನವನ್ನು ಅವರು ಹುಡುಕಿಕೊಂಡು ಬರುವುದು ಇಂಥಲ್ಲಿಗೇ. ಈ ವಿಷಯದಲ್ಲಿ ಓದಿ ಮುಂದಿದೆ. ಬಟ್ಟೆ ಬದಲಿಸಿ ಅಂಕಣಕ್ಕೆ ಹೋಗಲು ಬಯಲಿನ ಸೇತುವೆ ದಾಟಬೇಕೆಂಬುದು ಮಳೆಗಾಲದಲ್ಲಿ ಕಿರಿಕಿರಿ. ಆದರೂ ಆ ಸೇತುವೆಗಳನ್ನು ನಾನು ಬಿಟ್ಟುಕೊಡಲಾರೆ. ಆಟಕ್ಕೆ ಹೋಗುವ ಗುಮಾಸ್ತರು, ಟೈಪಿಸ್ಟರು, ಅಂಗಡಿ ಹುಡುಗರು ಊರಿನ ಕಣ್ಣೆದುರೇ ಎತ್ತರದಲ್ಲಿ ನಡೆದು ಹೋಗುತ್ತಾರೆ. ಆ ಗೌರವಕ್ಕೆ ನಾಲ್ಕು ಹನಿ ಮಳೆ ಹೆಚ್ಚಿನ ಬೆಲೆಯಲ್ಲ.

ಪೊಂಪೇಯಾವನ್ನು ಮೆಚ್ಚುವವರು ವಿನ್ಯಾಸದ ಬಗ್ಗೆ ಬರೆದಷ್ಟು ಅದರ ಹಣದ ಬಗ್ಗೆ ಬರೆಯುವುದಿಲ್ಲ. ಇದು ದೊಡ್ಡ ಕೊರತೆ. 1946ರಲ್ಲಿ ಹುಟ್ಟಿದ ಸೆಸ್ಕ್‌ಗೆ ವ್ಯಾಪಾರ ಮತ್ತು ಸೇವಾ ವಲಯದ ಮಾಲೀಕರು ತಾವು ನೌಕರರಿಗೆ ಕೊಡುವ ಸಂಬಳದ ಒಟ್ಟು ಮೊತ್ತದ ಮೇಲೆ ಶೇ. 1.5ರಷ್ಟನ್ನು ಕಡ್ಡಾಯವಾಗಿ ಕಟ್ಟಬೇಕು. ಕಟ್ಟಡ ಮುಗಿದ ಮೇಲೂ ಆ ಹಣ ಬರುತ್ತಲೇ ಇರುತ್ತದೆ. ಅದರಿಂದಲೇ ಕುಂಬಾರಿಕೆ ಕಲಿಸುವವರಿಗೆ ಸಂಬಳ, ಈಜುಕೊಳಕ್ಕೆ ಶುದ್ಧ ನೀರು, ಊಟದ ಮನೆಯಲ್ಲಿ ಕೈಗೆಟಕುವ ದರದ ಮಧ್ಯಾಹ್ನದ ಊಟ. ಉದ್ಘಾಟನೆಯ ಫಲಕ ಹಾಕಿ ಮರೆತುಬಿಡುವ ಸಾಂಸ್ಕೃತಿಕ ಭವನಗಳಿಗೂ ಇದಕ್ಕೂ ಇರುವ ವ್ಯತ್ಯಾಸದ ಅರ್ಧ ಇಲ್ಲೇ ಇದೆ. ಉಳಿದರ್ಧ, ಒಂದೇ ಆಡಳಿತ ದೀರ್ಘಕಾಲ ನಿಂತದ್ದು: ಸಾವೊ ಪಾಲೊ ರಾಜ್ಯದ ಸೆಸ್ಕ್ ಅನ್ನು 1984ರಿಂದ 2023ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದವರು ದಾನಿಲೊ ಸಾಂತೊಸ್ ದೆ ಮಿರಾಂದಾ. ಅದೇ ಸಂಸ್ಥೆ 2017ರಲ್ಲಿ ನಗರದ ಹಳೆಯ ಪೇಟೆಯ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದನ್ನು ವಾಸ್ತುಶಿಲ್ಪಿ ಪೌಲೊ ಮೆಂಡೆಸ್ ದ ರೋಷಾ ಅವರ ಕೈಯಲ್ಲಿ ಮಾರ್ಪಡಿಸಿ, ತಾರಸಿಯ ಮೇಲೆ ಈಜುಕೊಳ ಇಟ್ಟು ತೆರೆಯಿತು. ಪೊಂಪೇಯಾ ಒಂಟಿ ಪವಾಡವಾಗಿ ಉಳಿಯಲಿಲ್ಲ.

ಆ ಶೇ. 1.5ರ ಮೇಲೆ ಕಣ್ಣು ಹಾಕುವವರು ಆಗಾಗ ಹುಟ್ಟಿಕೊಳ್ಳುತ್ತಾರೆ. 2023ರಲ್ಲಿ ಈ ನಿಧಿಯ ಶೇ. 5ರಷ್ಟನ್ನು ಪ್ರವಾಸೋದ್ಯಮದ ಪ್ರಚಾರಕ್ಕೆ ತಿರುಗಿಸುವ ಪ್ರಸ್ತಾವ ಬ್ರೆಜಿಲ್ ಸಂಸತ್ತಿನ ಮುಂದೆ ಬಂತು. ಕಲಾವಿದರೂ ಸೆಸ್ಕ್ ಬಳಸುವ ಸಾಮಾನ್ಯ ಜನರೂ ಎದ್ದು ನಿಂತರು, ಸಹಿ ಸಂಗ್ರಹಿಸಿದರು. ಸೆನೆಟ್ ಆ ಪ್ರಸ್ತಾವವನ್ನು ಕೈಬಿಟ್ಟಿತು.