ಎರಡು ಸಾಲುಗಳ ನಡುವಿನ ಓಣಿ

ಅಮೆರಿಕದ ಹಳೆಯ ಟಿವಿ ಸಂಗೀತ-ನೃತ್ಯ ಕಾರ್ಯಕ್ರಮ ‘ಸೋಲ್ ಟ್ರೈನ್’ ಮರುಪ್ರಸಾರವಾದಾಗ ನನ್ನ ಕಣ್ಣು ಮೊದಲು ಹೋಗುವುದು ಗಾಯಕರ ಕಡೆಗಲ್ಲ, ಕುಣಿಯುವವರ ಕಡೆಗೆ. ಎದುರುಬದುರು ಎರಡು ಸಾಲು. ನಡುವಿನ ಓಣಿಯಲ್ಲಿ ಒಂದೊಂದೇ ಜೋಡಿ ಕುಣಿಯುತ್ತಾ ಕ್ಯಾಮೆರಾದತ್ತ ಬರುತ್ತದೆ. ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲೇ ಒಬ್ಬ ನೆಲಕ್ಕೆ ಕುಸಿದಂತೆ ಮಾಡಿ ಪುಟಿದೇಳುತ್ತಾನೆ, ಇನ್ನೊಬ್ಬಳು ಭುಜವೊಂದನ್ನೇ ಅಲುಗಿಸಿ ಅವನನ್ನು ಮರೆಸಿಬಿಡುತ್ತಾಳೆ. ದೊಗಲೆ ಪ್ಯಾಂಟು, ಬುಟ್ಟಿಯಷ್ಟು ಕೂದಲು, ಮುಖದಲ್ಲಿ ಎಳ್ಳಷ್ಟೂ ಅಳುಕಿಲ್ಲ. ಹೆಚ್ಚಿನವರು ವೃತ್ತಿ ನರ್ತಕರೂ ಅಲ್ಲ, ಲಾಸ್ ಏಂಜಲೀಸಿನ ಹುಡುಗ ಹುಡುಗಿಯರು.

ಡಾನ್ ಕಾರ್ನೀಲಿಯಸ್ ಇದನ್ನು 1970ರಲ್ಲಿ ಶಿಕಾಗೊದ ಸ್ಥಳೀಯ ವಾಹಿನಿಯಲ್ಲಿ ಶುರುಮಾಡಿದರು. ಮರುವರ್ಷ ಅದು ಲಾಸ್ ಏಂಜಲೀಸಿಗೆ ಬಂದು, ದೇಶದ ಹಲವು ನಗರಗಳಿಗೆ ಹಬ್ಬಿ, 2006ರವರೆಗೆ ನಡೆಯಿತು. ಕಪ್ಪು ಜನರೇ ಕಟ್ಟಿ, ನಡೆಸಿ, ತಮ್ಮವರಿಗಾಗಿ ತೋರಿಸಿದ ಕಾರ್ಯಕ್ರಮ. ಆರಂಭದ ಪ್ರಾಯೋಜಕರಾದ ಜಾನ್ಸನ್ ಪ್ರಾಡಕ್ಟ್ಸ್ ಕೂಡ ಕಪ್ಪು ಒಡೆತನದ್ದೇ. ಕೂದಲ ಆರೈಕೆಯ ಅವರ ‘ಆಫ್ರೋ ಶೀನ್’ ಜಾಹೀರಾತುಗಳನ್ನೂ ನಾನು ಬಿಡದೆ ನೋಡುತ್ತೇನೆ. ನಿರೂಪಕರೂ ಆಗಿದ್ದ ಕಾರ್ನೀಲಿಯಸ್ಸರ ದನಿಯಂತೂ ಬಾವಿಯ ತಳದಿಂದ ನಿಧಾನವಾಗಿ ಎದ್ದು ಬಂದಂತೆ.

ಒಂದು ಕೊರತೆಯಿದೆ. ಬಹುತೇಕ ಗಾಯಕರು ಇಲ್ಲಿ ಹಾಡುತ್ತಿರಲಿಲ್ಲ, ರೆಕಾರ್ಡಿಗೆ ತುಟಿ ಆಡಿಸುತ್ತಿದ್ದರು. ಕಿವಿಗೆ ಇದು ಗೊತ್ತಾಗಿಬಿಡುತ್ತದೆ. ಅದಕ್ಕೇ ಸೋಲ್ ಗಾಯಕ ಜೇಮ್ಸ್ ಬ್ರೌನ್ ತಮ್ಮ ವಾದ್ಯವೃಂದದೊಂದಿಗೆ ನಿಜವಾಗಿ ಹಾಡಿದ ಕಂತುಗಳು ಬೇರೆಯೇ ತೂಕದವು: ಬೆವರು ಸುರಿಯುತ್ತದೆ, ಉಸಿರು ಕೇಳಿಸುತ್ತದೆ, ಅವರು ಕೈ ಎತ್ತಿದ ಕ್ಷಣಕ್ಕೆ ಕಹಳೆಗಳು ಕತ್ತರಿಸಿದಂತೆ ನಿಲ್ಲುತ್ತವೆ.

ಒಂದೇ ಕಂತು ನೋಡಲು ಬಿಡುವಿದ್ದರೆ, ಅವರದ್ದನ್ನೇ ಹುಡುಕಿ.