‘ಖಾಸಗಿ ಮೋಡ’: ಒಂದು ಪಾರಿಭಾಷಿಕ ಪದದ ವಿಮರ್ಶೆ

ಸಂಸ್ಥೆಯೊಂದು ತನ್ನವೇ ಆದ ಸರ್ವರ್‌ಗಳನ್ನು ಒಂದುಗೂಡಿಸಿ, ಅವುಗಳ ಶಕ್ತಿಯನ್ನು ಬೇಕಾದವರಿಗೆ ಬೇಕಾದಷ್ಟು ಹಂಚುವ ಏರ್ಪಾಡನ್ನು ‘ಖಾಸಗಿ ಮೋಡ’ವೆನ್ನುವುದುಂಟು. ಈ ಸಂಜ್ಞೆಯು ಆಂಗ್ಲಪದದ ಛಾಯೆಯೇ ಹೊರತು ವಸ್ತುವಿನ ಲಕ್ಷಣವಲ್ಲ. ಮೋಡಕ್ಕೆ ಒಡೆಯನಿಲ್ಲ, ಅಳತೆಯಿಲ್ಲ. ಇಲ್ಲಿಯಾದರೋ ಅವೆರಡೇ ಮುಖ್ಯ. 2007ರಲ್ಲಿ ಲಿನಕ್ಸ್‌ನ ತಿರುಳಿಗೆ ಸೇರಿದ ಕೆವಿಎಂ ಒಂದು ಯಂತ್ರವನ್ನು ಹಲವಾಗಿ ವಿಭಾಗಿಸುತ್ತದೆ. 2010ರಲ್ಲಿ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸಂಸ್ಥೆಗಳು ಆರಂಭಿಸಿದ ಓಪನ್‌ಸ್ಟ್ಯಾಕ್ ಆ ಭಾಗಗಳನ್ನು ಲೆಕ್ಕವಿಟ್ಟು ಹಂಚುತ್ತದೆ. ಸೆಫ್ ಸಾಮಾನ್ಯವಾಗಿ ದತ್ತಾಂಶದ ಮೂರು ಪ್ರತಿಗಳನ್ನು ಬೇರೆ ಬೇರೆ ಸರ್ವರ್‌ಗಳಲ್ಲಿ ಕಾದಿಡುತ್ತದೆ.

ಇದಕ್ಕೆ ತಕ್ಕ ಉಪಮಾನವು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ದೊರೆಯುತ್ತದೆ. ಕಾವೇರಿಯ ನೀರನ್ನೆತ್ತಿ ಕೊಳವೆಗಳಿಂದ ಹೊಲಹೊಲಕ್ಕೆ ಹನಿಸುವುದು ಆ ಊರ ಹೆಸರಿನ ನೀರಾವರಿ ಯೋಜನೆಯ ಉದ್ದೇಶ. ನೋಡಿಕೊಳ್ಳುವವರಿಲ್ಲದಿದ್ದರೆ ಹನಿಗೊಳವೆ ಕಟ್ಟಿಕೊಳ್ಳುತ್ತದೆ. ಸರ್ವರ್‌ನ ಗತಿಯೂ ಅದೇ.

‘ಮೋಡ’ವೆಂಬ ಮಾತು ಈ ಪಾಲನೆಯ ಹೊಣೆಯನ್ನು ಮರೆಸುತ್ತದೆ. ಓಲೆಗರಿಗಳ ಛಾಯಾಪ್ರತಿಗಳನ್ನು ಇಂತಹ ಏರ್ಪಾಡಿಗೊಪ್ಪಿಸುವ ವಿದ್ವತ್ಸಂಸ್ಥೆಗೆ ಈ ಮರೆವು ಹಾನಿಕರ. ಪ್ರಮಾದದಿಂದ ಅಳಿಸಿದ ಕಡತವು ಮೂರು ಪ್ರತಿಗಳಲ್ಲಿಯೂ ಅಳಿಯುತ್ತದೆ. ಆದುದರಿಂದ ಬೇರೆಡೆಯಲ್ಲಿ ಪ್ರತ್ಯೇಕ ನಕಲೊಂದು ಇರಲೇಬೇಕು. ಕೃಷ್ಣರಾಜಸಾಗರವನ್ನು ‘ಕನ್ನಂಬಾಡಿ ಕಟ್ಟೆ’ಯೆಂದು ಕರೆದ ಮಂಡ್ಯದ ಜನರ ನುಡಿಯಲ್ಲಿಯೇ ಯುಕ್ತವಾದ ಪದವಿದೆ: ‘ಗಣಕಕಟ್ಟೆ’. ಕಟ್ಟೆಯೆಂದೊಡನೆ ಅದನ್ನು ಕಟ್ಟಿದವರೂ ಕಾಯಬೇಕಾದವರೂ ನೆನಪಿಗೆ ಬರುತ್ತಾರೆ.