ಗಂಟೆ, ಹಾಜರಿ, ಮೌನ: ವಸತಿಶಾಲೆಯ ಪತ್ತೇದಾರಿ ಕಥೆಗಳ ರಸಿಕರಿಗೊಂದು ಕೈಪಿಡಿ

ರೂಪದ ಎಲ್ಲೆ

ಮಕ್ಕಳ ಸಾಹಿತ್ಯದಲ್ಲಿ ವಸತಿಶಾಲೆಯ ಪತ್ತೇದಾರಿ ಕಥೆ ಎಂದು ಕರೆಯಬಹುದಾದ ಪ್ರಕಾರವು ಎರಡು ಹಳೆಯ ಪ್ರಕಾರಗಳ ಕೂಡುವಿಕೆಯಿಂದ ಹುಟ್ಟಿದೆ. ಅವುಗಳಲ್ಲಿ ಒಂದು, ಮನೆ ಬಿಟ್ಟು ಬಂದ ಮಗು ಸಹಪಾಠಿಗಳ ನಡುವೆ ಬೆಳೆಯುವ ಬಗೆಯನ್ನು ಹೇಳುವ ಶಾಲಾಕಥೆ. ಇನ್ನೊಂದು, ನಡೆದುಹೋದ ಕೃತ್ಯದ ಕರ್ತೃವನ್ನು ಸುಳಿವುಗಳ ಜಾಡು ಹಿಡಿದು ಹುಡುಕುವ ಪತ್ತೇದಾರಿ ಕಥೆ. ಇಂಗ್ಲೆಂಡಿನ ರಗ್ಬಿ ಶಾಲೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಥಾಮಸ್ ಹ್ಯೂಸ್ 1857ರಲ್ಲಿ ಪ್ರಕಟಿಸಿದ ‘ಟಾಮ್ ಬ್ರೌನ್ಸ್ ಸ್ಕೂಲ್‌ಡೇಸ್’ ಮೊದಲನೆಯದಕ್ಕೆ ಮಾದರಿಯಾಯಿತು. ಆರ್ಥರ್ ಕಾನನ್ ಡಾಯ್ಲ್ 1904ರಲ್ಲಿ ಪ್ರಕಟಿಸಿದ ‘ದಿ ಪ್ರಯರಿ ಸ್ಕೂಲ್’ ಕಥೆಯಲ್ಲಿ ಶ್ರೀಮಂತ ಮನೆತನದ ಹತ್ತು ವರ್ಷದ ಹುಡುಗನೊಬ್ಬ ರಾತ್ರೋರಾತ್ರಿ ಶಾಲೆಯಿಂದ ಕಾಣೆಯಾಗುತ್ತಾನಾದರೂ, ಅವನನ್ನು ಹುಡುಕಲು ಲಂಡನ್ನಿನಿಂದ ಷರ್ಲಾಕ್ ಹೋಮ್ಸ್ ಬರಬೇಕಾಗುತ್ತದೆ, ಮಕ್ಕಳಿಗೆ ಅಲ್ಲಿ ಪತ್ತೆಯ ಕೆಲಸವಿಲ್ಲ. ಜರ್ಮನಿಯ ಎರಿಶ್ ಕೆಸ್ಟ್‌ನರ್ 1929ರಲ್ಲಿ ಎಮಿಲ್ ಎಂಬ ಹುಡುಗನನ್ನೂ ಅವನ ಗೆಳೆಯರನ್ನೂ ಪತ್ತೇದಾರರನ್ನಾಗಿಸಿದನಾದರೂ ಅವರ ಬೇಟೆ ನಡೆಯುವುದು ಬರ್ಲಿನ್ನಿನ ಬೀದಿಗಳಲ್ಲಿ. 1940ರ ದಶಕದಲ್ಲಿ ಈನಿಡ್ ಬ್ಲೈಟನ್ ಆರಂಭಿಸಿದ ‘ಸೇಂಟ್ ಕ್ಲೇರ್ಸ್’ ಮತ್ತು ‘ಮ್ಯಾಲರಿ ಟವರ್ಸ್’ ಸರಣಿಗಳಲ್ಲಿ ವಸತಿಶಾಲೆಯ ಸಣ್ಣಪುಟ್ಟ ಗುಟ್ಟುಗಳು ಕಥೆಯ ಒಂದು ಎಳೆಯಾಗಿ ಸೇರಿಕೊಂಡವು. ಮಾಯಾವಿದ್ಯೆಯ ಹೊದಿಕೆಯನ್ನು ಸರಿಸಿ ನೋಡಿದರೆ 1997ರ ಮೊದಲ ಹ್ಯಾರಿ ಪಾಟರ್ ಕಾದಂಬರಿಯೂ ಶಾಲೆಯೊಳಗೆ ಬಚ್ಚಿಟ್ಟ ವಸ್ತುವೊಂದರ ಪತ್ತೆಯ ಕಥೆಯೇ ಆಗಿದೆ. 2014ರಲ್ಲಿ ರಾಬಿನ್ ಸ್ಟೀವನ್ಸ್ ಬರೆದ ‘ಮರ್ಡರ್ ಮೋಸ್ಟ್ ಅನ್‌ಲೇಡಿಲೈಕ್’ನಲ್ಲಿ ಎಲ್ಲ ಎಳೆಗಳೂ ಒಂದಾಗಿ, ಶಾಲೆಯೊಳಗಿನ ಕೊಲೆಯನ್ನು ಅದೇ ಶಾಲೆಯ ಇಬ್ಬರು ಹುಡುಗಿಯರು ತನಿಖೆ ಮಾಡುತ್ತಾರೆ.

ಈ ಬೆಳವಣಿಗೆಯ ಆಧಾರದ ಮೇಲೆ ಪ್ರಕಾರಕ್ಕೆ ಮೂರು ಲಕ್ಷಣಗಳನ್ನು ಗುರುತಿಸಬಹುದು: ಮಕ್ಕಳು ಶಾಲೆಯಲ್ಲೇ ವಾಸಿಸಬೇಕು, ಪತ್ತೆಯ ಹೊಣೆ ಮಕ್ಕಳದ್ದಾಗಿರಬೇಕು, ಗುಟ್ಟು ಆ ಶಾಲೆಯ ದಿನಚರಿಯೊಳಗಿಂದಲೇ ಹುಟ್ಟಬೇಕು. ರಜೆಯಲ್ಲಿ ದ್ವೀಪಗಳನ್ನೂ ಗುಹೆಗಳನ್ನೂ ಹೊಕ್ಕು ಕಳ್ಳರನ್ನು ಹಿಡಿಯುವ ಬ್ಲೈಟನ್ನಳ ‘ಫೇಮಸ್ ಫೈವ್’ ಮಕ್ಕಳು ಈ ಪ್ರಕಾರಕ್ಕೆ ನೆಂಟರಾದರೂ ಒಳಗಿನವರಲ್ಲ; ಅವರ ಸಾಹಸಗಳಿಗೆ ಗಂಟೆಯ ಹಂಗಿಲ್ಲ, ಹಾಜರಿಯ ಭಯವಿಲ್ಲ.

ಶಿಕಾರಿಪುರ, ಸೊರಬದ ನೆಲ

ಈ ಪ್ರಕಾರದ ಮಾದರಿಗಳು ಹೊರಗಿನವಾದರೂ, ಗುರುವಿನ ಬಳಿಯೇ ಉಂಡು ಮಲಗಿ ಓದುವ ಪದ್ಧತಿ ಶಿಕಾರಿಪುರ, ಸೊರಬದ ಸೀಮೆಗೆ ಹೊರಗಿನಿಂದ ಬಂದದ್ದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯಮಠವನ್ನು 1162ರ ಶಾಸನವೊಂದು ವ್ಯಾಕರಣ, ಷಡ್ದರ್ಶನ, ಯೋಗ, ನಾಟಕ ಮೊದಲಾದ ವಿದ್ಯೆಗಳ ನೆಲೆಯೆಂದೂ, ಹಸಿದವರಿಗೆ ಅನ್ನವನ್ನೂ ರೋಗಿಗಳಿಗೆ ಚಿಕಿತ್ಸೆಯನ್ನೂ ಕೊಡುವ ಸ್ಥಾನವೆಂದೂ ವರ್ಣಿಸುತ್ತದೆ. ಅದೇ ತಾಲ್ಲೂಕಿನ ತಾಳಗುಂದದ ಅಗ್ರಹಾರವೂ, ಎಂದರೆ ವಿದ್ವಾಂಸರಿಗೆ ದತ್ತಿಯಾಗಿ ಬಿಟ್ಟ ಊರೂ, ಶತಮಾನಗಳ ಕಾಲ ವಿದ್ಯಾಕೇಂದ್ರವಾಗಿತ್ತು. ಇಂದಿನ ವ್ಯವಸ್ಥೆಯಲ್ಲಿ ಆ ಸ್ಥಾನವನ್ನು ಸರ್ಕಾರಿ ವಿದ್ಯಾರ್ಥಿನಿಲಯಗಳು, ಜನ ‘ಬಿಸಿಎಂ ಹಾಸ್ಟೆಲ್’ ಎಂದು ಕರೆಯುವ ಹಿಂದುಳಿದ ವರ್ಗಗಳ ನಿಲಯಗಳು, ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿಶಾಲೆಗಳು, ಜಿಲ್ಲೆಗೊಂದರಂತೆ ಗಾಜನೂರಿನಲ್ಲಿರುವ ನವೋದಯ ವಿದ್ಯಾಲಯ ಹಂಚಿಕೊಂಡಿವೆ. ಮೊರಾರ್ಜಿ ಶಾಲೆಗೂ ನವೋದಯಕ್ಕೂ ಪರೀಕ್ಷೆ ಬರೆದು ಮಕ್ಕಳು ಸೇರುವುದು ಆರನೆಯ ತರಗತಿಗೆ, ಅಂದರೆ ಸುಮಾರು ಹನ್ನೊಂದರ ವಯಸ್ಸಿಗೆ. ಹ್ಯಾರಿ ಪಾಟರ್ ತನ್ನ ಶಾಲೆಗೆ ಹೋಗುವುದೂ ಅದೇ ವಯಸ್ಸಿನಲ್ಲಿ. ಅಪ್ಪ ಅಮ್ಮನಿಗೆ ಹೇಳದ ಗುಟ್ಟು ಮೊದಲ ಬಾರಿಗೆ ಗೆಳೆಯರ ವಶವಾಗುವ ವಯಸ್ಸು ಅದಾಗಿರುವುದರಿಂದಲೇ ಈ ಪ್ರಕಾರವು ಮತ್ತೆ ಮತ್ತೆ ಅಲ್ಲಿಂದ ಆರಂಭವಾಗುತ್ತದೆ. ಟ್ರಂಕಿನ ಬೀಗ, ಸಾಲಿನಲ್ಲಿ ಹಿಡಿದ ತಟ್ಟೆ ಲೋಟ, ಭಾನುವಾರದ ಪಾಲಕರ ಭೇಟಿ ಇವುಗಳನ್ನು ಬಲ್ಲ ಈ ತಾಲ್ಲೂಕುಗಳ ಓದುಗರಿಗೆ ಇಂಗ್ಲಿಷ್ ವಸತಿಶಾಲೆಯ ಒಳರಚನೆಯನ್ನು ಪ್ರತ್ಯೇಕವಾಗಿ ಕಲಿಸಬೇಕಾಗಿಲ್ಲ. ಅದನ್ನು ಸಾಕ್ಷ್ಯವಾಗಿ ಓದುವ ಅಭ್ಯಾಸವನ್ನಷ್ಟೇ ಮಾಡಿಸಬೇಕಾಗಿದೆ.

ವೇಳಾಪಟ್ಟಿಯನ್ನು ಓದುವುದು

ಹೊಸ ಓದುಗರು ಸಾಮಾನ್ಯವಾಗಿ ಕಳ್ಳನ ಮುಖವನ್ನು ಹುಡುಕುತ್ತಾರೆ. ಪಳಗಿದ ಓದುಗರು ಮೊದಲು ಗಂಟೆಯನ್ನು ಗಮನಿಸುತ್ತಾರೆ. ಊರಿನ ಬದುಕಿನಲ್ಲಿ ಯಾರು ಯಾವಾಗ ಎಲ್ಲಿದ್ದರೆಂಬುದನ್ನು ಪತ್ತೇದಾರ ಕಷ್ಟಪಟ್ಟು ಕಟ್ಟಿಕೊಳ್ಳಬೇಕಾಗುತ್ತದೆ, ಆದರೆ ವಸತಿಶಾಲೆಯಲ್ಲಿ ಪ್ರಾರ್ಥನೆ, ಊಟ, ಓದಿನ ವೇಳೆ, ರಾತ್ರಿಯ ಹಾಜರಿ, ದೀಪವಾರಿಸುವ ಹೊತ್ತು ಎಲ್ಲವೂ ಮೊದಲೇ ನಿಗದಿಯಾಗಿರುವುದರಿಂದ, ಪ್ರತಿಯೊಬ್ಬರೂ ಇರಬೇಕಾದ ಜಾಗ ಓದುಗರಿಗೆ ಗೊತ್ತಿರುತ್ತದೆ ಮತ್ತು ಆ ಜಾಗದಲ್ಲಿ ಇಲ್ಲದಿರುವುದೇ ಮೊದಲ ಸುಳಿವಾಗುತ್ತದೆ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಸೊರಬದ ಒಂದು ಬಾಲಕಿಯರ ನಿಲಯದಲ್ಲಿ ಆಷಾಢದ ಒಂದು ರಾತ್ರಿ ಕಚೇರಿಯ ಬೀಗದ ಕೈ ಕಾಣೆಯಾಗಿದೆಯೆಂದೂ, ಏಳನೆಯ ತರಗತಿಯ ಹುಡುಗಿಯೊಬ್ಬಳು ಹಾಜರಿಗೆ ಹತ್ತು ನಿಮಿಷ ತಡವಾಗಿ ಬಂದು, ಹಿತ್ತಲ ನಲ್ಲಿಯಲ್ಲಿ ತಟ್ಟೆ ತೊಳೆಯುತ್ತಿದ್ದೆನೆಂದು ಹೇಳಿದಳೆಂದೂ ಇಟ್ಟುಕೊಳ್ಳೋಣ. ಗಾಳಿಮಳೆಗೆ ಮಧ್ಯಾಹ್ನವೇ ಕರೆಂಟು ಹೋಯಿತೆಂದೂ, ಸಂಜೆಯ ಹೊತ್ತಿಗೆ ಟ್ಯಾಂಕ್ ಬರಿದಾಗಿ ಅಡುಗೆಯವರು ಬಾವಿಯಿಂದ ನೀರು ಸೇದಿದರೆಂದೂ ಕಥೆಗಾರ ಆರಂಭದಲ್ಲಿ ಮಳೆಯ ವರ್ಣನೆಯ ನಡುವೆ ಹೇಳಿಬಿಟ್ಟಿರುತ್ತಾನೆ. ಮಳೆಯನ್ನು ಬರಿಯ ವಾತಾವರಣವೆಂದು ಓದಿದವರಿಗೆ ಹುಡುಗಿಯ ಮಾತು ನಿಜವಾಗಿ ತೋರುತ್ತದೆ. ನಲ್ಲಿಯಲ್ಲಿ ನೀರಿರಲಿಲ್ಲವೆಂದು ನೆನಪಿಟ್ಟವರಿಗೆ ಅವಳು ಬೇರೆಲ್ಲೋ ಇದ್ದಳೆಂದು ತಿಳಿಯುತ್ತದೆ. ಪತ್ತೆಗೆ ಬೇಕಾದ ಪ್ರತಿಯೊಂದು ಸುಳಿವನ್ನೂ ಓದುಗರ ಕಣ್ಣೆದುರಿಗೇ ಇಟ್ಟಿರಬೇಕೆಂಬ ಈ ನಿಯಮವನ್ನು ವಿಮರ್ಶಕರು ನ್ಯಾಯದ ಆಟವೆಂದು ಕರೆಯುತ್ತಾರೆ. ಇಂಗ್ಲೆಂಡಿನ ಪಾದ್ರಿ ಮತ್ತು ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಹತ್ತು ನಿಯಮಗಳನ್ನು ಪಟ್ಟಿ ಮಾಡಿದನು. ಓದುಗರನ್ನು ಬೇಕೆಂದೇ ಬೇರೆ ದಿಕ್ಕಿಗೆ ಎಳೆಯುವ ಸುಳ್ಳು ಸುಳಿವಿಗೆ ತಪ್ಪುಜಾಡು ಎನ್ನಬಹುದಾಗಿದ್ದು, ಅದು ಕೂಡ ಶಾಲೆಯ ದಿನಚರಿಗೆ ಸಹಜವಾಗಿ ಹೊಂದಿಕೊಂಡಿರಬೇಕು.

ಹೇಳುವವರು ಯಾರು

ಎರಡನೆಯ ಪಾಠ ನಿರೂಪಕರನ್ನು ಕುರಿತದ್ದು. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಐದನೆಯ ಶತಮಾನದ ಸ್ತಂಭಶಾಸನವು ಈ ಪಾಠಕ್ಕೆ ಹತ್ತಿರದಲ್ಲೇ ಸಿಗುವ ಒಳ್ಳೆಯ ಪಠ್ಯ. ಕವಿ ಕುಬ್ಜನು ರಚಿಸಿದ ಆ ಸಂಸ್ಕೃತ ಕಾವ್ಯದ ಪ್ರಕಾರ, ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ, ಅಂದರೆ ಉನ್ನತ ವಿದ್ಯಾಕೇಂದ್ರಕ್ಕೆ, ಓದಲು ಹೋಗಿ, ಅಲ್ಲಿ ಪಲ್ಲವರ ಅಶ್ವಕ್ಕೆ ಸಂಬಂಧಿಸಿದ ಕಲಹವೊಂದರಿಂದ ಕೆರಳಿ, ದರ್ಭೆಯನ್ನು ಬಿಟ್ಟು ಕತ್ತಿ ಹಿಡಿದನು. ಕದಂಬ ರಾಜ್ಯದ ಹುಟ್ಟನ್ನು ಶಾಸನವು ಈ ಘಟನೆಯಿಂದಲೇ ಹೇಳುತ್ತದೆ. ಆ ಕಲಹ ಕುದುರೆ ಸವಾರನೊಡನೆ ಆದದ್ದೋ, ಅಶ್ವಮೇಧಕ್ಕೆ ಸಂಬಂಧಿಸಿದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಜಗಳದ ವಿವರ ಶಾಸನದಲ್ಲಿಲ್ಲ, ಕಂಚಿಯವರ ಹೇಳಿಕೆಯಂತೂ ಇಲ್ಲವೇ ಇಲ್ಲ. ಉಳಿದಿರುವುದು ಗೆದ್ದವನ ವಂಶದವರು ನಾಲ್ಕಾರು ತಲೆಮಾರುಗಳ ಅನಂತರ ಬರೆಯಿಸಿದ ಒಂದೇ ಪಕ್ಷದ ಸಾಕ್ಷ್ಯ.

ವಿದ್ಯಾರ್ಥಿಯ ಕಥೆಯನ್ನು ಯಾರು ಹೇಳುತ್ತಿದ್ದಾರೆ, ಹೇಳುವುದರಿಂದ ಅವರಿಗೆ ಏನು ಲಾಭ ಎಂದು ಕೇಳುವ ಈ ಕ್ರಮವನ್ನೇ ಮಕ್ಕಳ ಪತ್ತೇದಾರಿ ಕಥೆಗೂ ಅನ್ವಯಿಸಬೇಕು. ಸ್ಟೀವನ್ಸ್‌ಳ ಕಾದಂಬರಿಯಲ್ಲಿ ಇಬ್ಬರು ಹುಡುಗಿಯರು ಕಟ್ಟಿಕೊಂಡ ಪತ್ತೇದಾರ ಸಂಘದ ಅಧ್ಯಕ್ಷೆ ಡೇಸಿ ವೆಲ್ಸ್ ಎಂಬ ಚುರುಕಿನ ಇಂಗ್ಲಿಷ್ ಹುಡುಗಿಯಾದರೂ, ದಾಖಲೆ ಬರೆಯುವವಳು ಹಾಂಗ್‌ಕಾಂಗಿನಿಂದ ಬಂದ ಹೇಜಲ್ ವಾಂಗ್. ಶಾಲೆಯ ಒಳಗಿದ್ದೂ ಪೂರ್ತಿ ಒಳಗಿನವಳಾಗದ ಹೇಜಲ್‌ಳಿಗೆ ಇತರರು ಸಹಜವೆಂದು ಕಡೆಗಣಿಸುವುದು ವಿಚಿತ್ರವಾಗಿ ಕಾಣುತ್ತದೆ, ಗೆಳತಿಯ ತಪ್ಪುಗಳೂ ಕಾಣುತ್ತವೆ. ಆ ದೂರವೇ ಕಥೆಯನ್ನು ನಂಬಲರ್ಹವಾಗಿಸುತ್ತದೆ.

ಮೌನದ ಬೆಲೆ

ಈ ಪ್ರಕಾರದ ನಿಜವಾದ ಒಗಟು ಕೃತ್ಯವನ್ನು ಎಸಗಿದವರ ಹೆಸರಿನಲ್ಲಿ ಮುಗಿಯುವುದಿಲ್ಲ. ತಿಳಿದ ಸತ್ಯವನ್ನು ಯಾರಿಗೆ ಹೇಳಬೇಕೆಂಬ ಪ್ರಶ್ನೆಯಲ್ಲಿ ಅದು ಪೂರ್ಣವಾಗುತ್ತದೆ. ಪತ್ತೇದಾರ ಪೊಲೀಸರಿಗೆ ಮಾಹಿತಿ ಕೊಟ್ಟರೆ ಅದು ಕರ್ತವ್ಯವೆನಿಸುತ್ತದೆ. ಹಾಸ್ಟೆಲಿನ ಹುಡುಗಿ ವಾರ್ಡನ್‌ಗೆ ಹೇಳಿದರೆ ಅದು ಚಾಡಿಯೆನಿಸಿ, ಮರುದಿನದಿಂದ ಅವಳ ಪಕ್ಕದಲ್ಲಿ ಊಟಕ್ಕೆ ಕೂರುವವರೇ ಇಲ್ಲದಾಗಬಹುದು. ಮೇಲಿನ ಸೊರಬದ ಉದಾಹರಣೆಯಲ್ಲಿ ಬೀಗದ ಕೈ ತೆಗೆದವಳು ಕದಿಯಲು ಹೋದವಳಲ್ಲ, ಆಸ್ಪತ್ರೆಯಲ್ಲಿದ್ದ ಅಮ್ಮನ ಸ್ಥಿತಿ ತಿಳಿಯಲು ಕಚೇರಿಯ ಫೋನಿಗಾಗಿ ಹೋದವಳೆಂದೂ, ಪಕ್ಕದ ಹಾಸಿಗೆಯವಳಿಗೆ ಅದು ಮೊದಲಿನಿಂದ ಗೊತ್ತಿತ್ತೆಂದೂ, ಆ ನಡುವೆ ಅನುಮಾನವು ಅಡುಗೆ ಸಹಾಯಕಿಯ ಮೇಲೆ ಬಿದ್ದು ಅವಳ ಕೆಲಸಕ್ಕೇ ಕುತ್ತು ಬಂದಿದೆಯೆಂದೂ ಭಾವಿಸಿದರೆ, ಗೆಳತಿಗೆ ಕೊಟ್ಟ ಮಾತು ಮತ್ತು ಮೂರನೆಯವಳ ಅನ್ನ ಇವೆರಡರ ನಡುವೆ ಪತ್ತೇದಾರ ಬಾಲಕಿ ತೂಗಬೇಕಾದ ತಕ್ಕಡಿ ಎಷ್ಟು ಭಾರದ್ದೆಂಬುದು ಅರಿವಾಗುತ್ತದೆ. ಬ್ಲೈಟನ್ನಳ ಶಾಲಾಕಥೆಗಳಲ್ಲಿಯೂ ಕಳವಿನ ಹಿಂದೆ ದುಷ್ಟತನಕ್ಕಿಂತ ಹೆಚ್ಚಾಗಿ ಗೆಳೆತನದ ಹಸಿವೋ ಅವಮಾನದ ಭಯವೋ ಇರುತ್ತದೆ, ತಪ್ಪಿತಸ್ಥರು ಮರುದಿನವೂ ಅದೇ ಕೋಣೆಯಲ್ಲಿ ಮಲಗಬೇಕಾಗಿರುವುದರಿಂದ ಶಿಕ್ಷೆಗಿಂತ ಹೊಂದಾಣಿಕೆ ದೊಡ್ಡ ಸಮಸ್ಯೆಯಾಗುತ್ತದೆ.

ದೊಡ್ಡವರ ಚಿತ್ರಣವನ್ನು ಅಳೆಯುವುದಕ್ಕೂ, ಸತ್ಯವನ್ನು ಯಾರಿಗೆ ಹೇಳಬೇಕೆಂಬ ಇದೇ ಅಳತೆಗೋಲು ಸಾಕು. ಮಕ್ಕಳು ಜಾಣರಾಗಿ ಕಾಣಲೆಂದು ಶಿಕ್ಷಕರೆಲ್ಲರನ್ನೂ ಮಂಕರನ್ನಾಗಿಸುವ ಕಥೆ ದುರ್ಬಲವಾದದ್ದು. ವಾರ್ಡನ್ ಬುದ್ಧಿವಂತೆಯಾಗಿದ್ದು, ಆದರೂ ಮಕ್ಕಳು ಅವಳ ಬಳಿ ಹೋಗದಿರಲು ನ್ಯಾಯವಾದ ಕಾರಣವೊಂದಿರುವ ಕಥೆಯೇ ಗಟ್ಟಿಯಾದದ್ದು.

ಕನ್ನಡದ ಓದಿಗೊಂದು ಕ್ರಮ

ಇಂಗ್ಲಿಷಿನಲ್ಲಿರುವಂಥ ವಸತಿಶಾಲಾ ಪತ್ತೇದಾರಿಯ ದೀರ್ಘ ಪರಂಪರೆ ಕನ್ನಡದಲ್ಲಿ ಬೆಳೆದಿಲ್ಲವಾದರೂ, ಅದರ ಅಂಗಗಳು ಬೇರೆ ಬೇರೆಯಾಗಿ ಲಭ್ಯವಿವೆ. ‘ಪತ್ತೇದಾರ ಪುರುಷೋತ್ತಮ’ನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರು 1950ರ ದಶಕದಿಂದ ನೂರಾರು ಕಾದಂಬರಿಗಳ ಮೂಲಕ ಸುಳಿವು ಹಿಡಿದು ಓದುವ ದೊಡ್ಡದೊಂದು ವಾಚಕವರ್ಗವನ್ನು ಸಿದ್ಧಪಡಿಸಿದರು. ಪಕ್ಕದ ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿಯೂ, ಸೊರಬದ ಗಡಿಗೆ ಹೊಂದಿದ ಸಿದ್ದಾಪುರ ಸೀಮೆಯ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ 2022ರಲ್ಲಿಯೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕಾದಂಬರಿಗಳಾಗಿದ್ದು, ಮಲೆನಾಡಿನ ಮಕ್ಕಳ ಕಥನದ ಭಾಷೆಯನ್ನು ಅರಿಯಲು ಇವೆರಡೂ ಒಳ್ಳೆಯ ಪ್ರವೇಶಗಳು.

ಹೊಸ ಓದುಗರು ಇವುಗಳಿಂದ ಆರಂಭಿಸಿ, ಬಳಿಕ ‘ಪ್ರಯರಿ ಸ್ಕೂಲ್’ ಕಥೆಯಲ್ಲಿ ಸೈಕಲ್ ಚಕ್ರದ ಗುರುತುಗಳಿಂದ ತರ್ಕ ಬೆಳೆಯುವ ರೀತಿಯನ್ನು ಗಮನಿಸಿ, ಅನಂತರ ಬ್ಲೈಟನ್, ಕೊನೆಗೆ ಸ್ಟೀವನ್ಸ್ ಎಂಬ ಕ್ರಮದಲ್ಲಿ ಸಾಗಿದರೆ, ಹೊರಗಿನ ಪತ್ತೇದಾರನಿಂದ ಒಳಗಿನ ಮಗುವಿನ ಕೈಗೆ ತನಿಖೆ ದಾಟುವುದನ್ನು ಹೆಜ್ಜೆಹೆಜ್ಜೆಯಾಗಿ ಕಾಣಬಹುದು. ಮಕ್ಕಳೊಡನೆ ಓದುವವರು ಉತ್ತರದ ಅಧ್ಯಾಯಕ್ಕೆ ಮೊದಲು ಪುಸ್ತಕ ಮುಚ್ಚಿ, ಆ ಶಾಲೆಯ ವೇಳಾಪಟ್ಟಿಯನ್ನೂ ಕಟ್ಟಡದ ನಕ್ಷೆಯನ್ನೂ ಅವರಿಂದಲೇ ಬರೆಯಿಸುವುದು ಉಪಯುಕ್ತ. ಬರೆಯಲು ಬಾರದಷ್ಟು ಅಸ್ಪಷ್ಟವಾಗಿದ್ದರೆ ದೋಷ ಮಗುವಿನದಲ್ಲ, ಕಥೆಗಾರನದು. ಓದು ಮುಗಿದ ಮೇಲೆ ಕೇಳಬೇಕಾದದ್ದು ಒಂದೇ ಪ್ರಶ್ನೆ: ಅಪರಾಧಿಯ ಹೆಸರು ತಿಳಿದ ಮೇಲೂ ಈ ಕಥೆಯನ್ನು ಮತ್ತೊಮ್ಮೆ ಓದಬೇಕೆನಿಸುತ್ತದೆಯೇ? ಎರಡನೆಯ ಓದಿನಲ್ಲಿ ಮೌನವಾಗಿದ್ದ ಪ್ರತಿಯೊಬ್ಬರ ಮೌನಕ್ಕೂ ಕಾರಣ ಕಾಣಿಸಿದರೆ ಆ ಕಥೆ ಪ್ರಕಾರದ ಉತ್ತಮ ಮಾದರಿ. ಹೆಸರಿನೊಡನೆ ಆಸಕ್ತಿಯೂ ಮುಗಿದರೆ ಅದು ಶಾಲೆಯನ್ನು ಹಿನ್ನೆಲೆಯ ಪರದೆಯಾಗಿಯಷ್ಟೇ ಬಳಸಿಕೊಂಡ ಕಥೆ.